ಶಾಫಿಯ ಮಾಸ್ಕಿಗೆ ಹಿಡಿದ ಬಿಳಿ ಕಲೆ

ಸವಣೂರಿನ ಮುಫೀದಾಳಿಗೆ ಈಜು ಬರುವುದಿಲ್ಲ. ಹೊಳೆಯಲ್ಲಿ ಮೊಣಕಾಲಿನಷ್ಟು ನೀರಿಗಿಂತ ಮುಂದೆ ಹೋದವಳೂ ಅಲ್ಲ. ಅವಳ ಗಂಡ ಶಾಫಿ ಮಾತ್ರ ಗಲ್ಫಿನ ಬಂದರೊಂದರಲ್ಲಿ ನೀರಿನಡಿ ಮುಳುಗಿ ಹಡಗಿನ ತಳಕ್ಕೆ ಹತ್ತಿದ ಚಿಪ್ಪು ಕೆರೆಯುತ್ತಿದ್ದ. ಮದುವೆಯಾಗಿ ಹದಿಮೂರು ವರ್ಷ. ಅವನು ಮನೆಯಲ್ಲಿದ್ದದ್ದು ಎಲ್ಲ ಸೇರಿ ಹದಿನೇಳು ತಿಂಗಳು. ಉಳಿದ ಕಾಲವನ್ನು ಮುಫೀದಾ ಹೊಲಿಗೆ ಮಿಷನ್ನಿನ ಮುಂದೆ ಕಳೆದಳು, ಊರಿನ ಅರ್ಧ ಹೆಂಗಸರಿಗೆ ಬುರ್ಖಾ ಹೊಲಿದುಕೊಟ್ಟಳು. ಗಂಡ ಬೇಕು ಎಂದು ಮಾತ್ರ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಗಲ್ಫಿನವನ ಹೆಂಡತಿ ಹಾಗೆ ಹೇಳಿದರೆ ಊರಿಗೆ ಅದೊಂದು ತಮಾಷೆ.

ಕಳೆದ ಸಲ ಹೊರಡುವಾಗ ಶಾಫಿ, ಮುಳುಗುವಾಗ ಮುಖಕ್ಕೆ ಕಟ್ಟುವ ತನ್ನ ಗಾಜಿನ ಮಾಸ್ಕನ್ನು ಇಲ್ಲೇ ಬಿಟ್ಟಿದ್ದ. "ಇನ್ನು ನೀರಿಗೆ ಇಳಿಯುದಿಲ್ಲ ಮಾರಾಯ್ತಿ. ಒಂದು ವರ್ಷ ಸ್ಟೋರಿನಲ್ಲಿ ಕೂತು ಬಂದುಬಿಡ್ತೇನೆ."

ಮುಫೀದಾ ನಂಬಿದಳು. ಶುಕ್ರವಾರ ಬಂದರೆ ಸಾಕು, ಮಾಸ್ಕನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗಿಡುತ್ತಿದ್ದಳು. ಅಕ್ಕರೆ ಅತಿಯಾಯಿತು. ಸುಣ್ಣದಂಶದ ಆ ನೀರು ಒಣಗಿ ಒಣಗಿ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿತು.

ಹೋದ ಹದಿನಾಲ್ಕನೇ ತಿಂಗಳಲ್ಲಿ ಶಾಫಿಯ ಫೋನ್ ಬಂತು. "ಕಾಣಿಯೂರಿನ ಶಾನವಾಝ್ ರಜೆ ಮುಗಿಸಿ ಬರ್ತಾನಲ್ಲ, ಅವನ ಕೈಯಲ್ಲಿ ಮಾಸ್ಕ್ ಕಳಿಸು. ಇಲ್ಲಿಯದ್ದು ನನ್ನ ಮುಖಕ್ಕೆ ಕೂರುದಿಲ್ಲ, ನೀರು ಒಳಗೆ ಬರ್ತದೆ."

"ಎಂತ, ಪುನಃ ನೀರಿಗಾ?"

"ಕಂಪೆನಿಯವರು ಇನ್ನೂ ಎರಡು ವರ್ಷಕ್ಕೆ ಕೇಳ್ತಾರೆ. ಶನಿವಾರ ಸಹಿ ಹಾಕ್ಲಿಕ್ಕುಂಟು."

ಸೋಪಿಗೆ ಕಲೆ ಜಗ್ಗಲಿಲ್ಲ. ಅತ್ತೆ ಕದೀಜಮ್ಮ ಒಲೆಯ ಬೂದಿ ತಂದಿಟ್ಟು, "ತಿಕ್ಕು, ಹೋಗ್ತದೆ" ಎಂದರು. ತಿಕ್ಕಿದರೆ ಗಾಜಿಗೆ ಗೀರು ಬೀಳುತ್ತದೆ, ಮಾಸ್ಕು ಕೆಲಸಕ್ಕೆ ಬಾರದು. ಮುಫೀದಾ ಬೂದಿಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಹಾಳಾಗಲಿ, ಇಳಿಯುವುದು ಬೇಡ, ಬರಲಿ ಮನೆಗೆ ಎಂದು ಅವಳ ಜೀವ ಹಂಬಲಿಸಿತು. ಆದರೆ ನೀರಿನಡಿ ಕಣ್ಣು ಕಾಣದೆ ಹೋದರೆ? ಬೂದಿಯನ್ನು ಬಸಳೆಯ ಬುಡಕ್ಕೆ ಚೆಲ್ಲಿದಳು.

ಪಾತ್ರೆಯ ಕಿಲುಬು ತೆಗೆಯುವ ಹುಳಿಕಾಯಿ, ಬಿಂಬುಳಿಯೇ ಕೊನೆಗೆ ಆಗಿಬಂತು. ಹಿಂಡಿದ ರಸಕ್ಕೆ ನೀರು ಬೆರೆಸಿ, ಬಟ್ಟೆ ಅದ್ದಿ ಗಾಜಿನ ಮೇಲೆ ಹಾಸಿದಳು. ಗಂಟೆ ಬಿಟ್ಟು ಹಳೆಯ ಟೂತ್‌ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿದಳು, ಪುನಃ ಹಾಸಿದಳು. ನಾಲ್ಕನೇ ಸಲಕ್ಕೆ ಪೊರೆ ಬಿಟ್ಟಿತು. ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು, ಈ ಸಲ ಮರೆಯದೆ ಒರೆಸಿದಳು.

ಸಂಜೆ ಶಾಫಿ ಪುನಃ ಫೋನ್ ಮಾಡಿದ.

"ಮಾಸ್ಕ್ ಕ್ಲೀನ್ ಆಗಿದೆ, ಆದ್ರೆ ಕಳಿಸುದಿಲ್ಲ. ಬೇಕಾದ್ರೆ ನೀವೇ ಬಂದು ಕೊಂಡೋಗಿ." ಮುಫೀದಾ ಮಾಸ್ಕನ್ನು ಮಡಿಲಿಗೆಳೆದುಕೊಂಡಳು. "ನನಗೆ ನೀವು ಬೇಕು."

ಹದಿಮೂರು ವರ್ಷದಲ್ಲಿ ಅವಳು ಮೊದಲ ಬಾರಿ ಹೇಳಿದ್ದು.

"ಹಾಗಾದ್ರೆ ಇರ್ಲಿ ಬಿಡು" ಎಂದ ಶಾಫಿ, ಮೆಲ್ಲನೆ. "ಇಲ್ಲಿಯ ನೀರು ಬರುವ ಮಾಸ್ಕಿನಲ್ಲೇ ಇಳಿಯುದು. ಅಭ್ಯಾಸ ಆಗ್ತದೆ."

ಮಾಸ್ಕನ್ನು ಇಟ್ಟುಕೊಂಡರೆ ಗಂಡ ಬರುತ್ತಾನೆಂದು ಎಣಿಸಿದ್ದು ಎಂಥ ಪೆದ್ದುತನ! ಮರುದಿನ ಮುಫೀದಾ ಕಾಣಿಯೂರಿಗೆ ಬಸ್ಸು ಹಿಡಿದಳು. ಶಾನವಾಝ್ ಪೆಟ್ಟಿಗೆ ಕಟ್ಟುತ್ತಿದ್ದ.

"ಬಟ್ಟೆಯ ನಡುವೆ ಇಡು, ಗಾಜು ಉಂಟು" ಎಂದು ಮಾಸ್ಕಿನ ಕಟ್ಟನ್ನು ಕೊಟ್ಟಳು.

"ಶಾಫಿಕ್ಕನಿಗೆ ಎಂತಾದ್ರೂ ಹೇಳ್ಲಿಕ್ಕುಂಟಾ?"

"ಹೇಳಿ ಆಯ್ತು" ಎಂದಳು ಮುಫೀದಾ.