ನಿಂತಲ್ಲೇ ಓಡಿದ ಕೆಂಪು ಕಾರು

ಇದು ೧೯೭೨ರ ಬೇಸಿಗೆಯ ಮಾತು. ನಾನಾಗ ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಕೋಣೆ ಹಿಡಿದು, ಹುಡುಗರಿಗೆ ಎಂಜಿನ್ ಪಾಠ ಹೇಳುವ ಕೆಲಸದಲ್ಲಿದ್ದೆ. ದೆವ್ವ ಗಿವ್ವ ಅಂದವರ ಜೊತೆ ಜಗಳಕ್ಕೇ ನಿಲ್ಲುವ ವಯಸ್ಸು. ಈಗಲೂ ದೆವ್ವ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಆವತ್ತು ಕೇಳಿದ್ದನ್ನು ಕೇಳಿಲ್ಲ ಅನ್ನುವುದಕ್ಕೂ ಬಾಯಿ ಬರುವುದಿಲ್ಲ.

ಸಿರುಗುಪ್ಪದ ಮಲ್ಲನಗೌಡರು ನನ್ನನ್ನು ಹುಡುಕಿಕೊಂಡು ಬಂದರು. ಅವರದು ಭತ್ತದ ಮಿಲ್ಲು, ಪಕ್ಕದಲ್ಲೇ ಹತ್ತಿಯ ಬೀಜ ಬಿಡಿಸುವ, ನಿಂತುಹೋದ ಜಿನ್ನು. ಹಿರಿಮಗ ಬಸವರಾಜ ಮದ್ರಾಸಿನಿಂದ ಒಂದು ಸ್ಪೋರ್ಟ್ಸ್ ಕಾರು ತಂದಿದ್ದ. ಇಬ್ಬರೇ ಕೂರುವಂಥದು, ಮೇಲೆ ಚಾವಣಿ ಇಲ್ಲ, ಕಣ್ಣಿಗೆ ಹೊಡೆಯುವ ಕೆಂಪು. ಮೂರು ವರ್ಷದ ಹಿಂದೆ ಒಂದು ಸಂಜೆ ಆ ಕಾರು ದೇಶನೂರು ದಾರಿಯ ತಿರುವಿನಲ್ಲಿ ಕಾಲುವೆಗೆ ಬಿತ್ತು. ಕಾರಿಗೆ ಹೆಚ್ಚೇನೂ ಆಗಲಿಲ್ಲ, ಹುಡುಗ ಉಳಿಯಲಿಲ್ಲ. ಆವತ್ತೇ ಬೆಳಿಗ್ಗೆ ಅಪ್ಪ ಮಗನಿಗೆ ಜೋರು ಜಗಳವಾಗಿತ್ತು. ಅಪ್ಪನ ಮಾತಿಗೆ ನೊಂದು ತಾನೇ ಹೋಗಿ ಬಿದ್ದ ಅಂದರು ಊರವರು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಒಂದೇ ಸಮ ಹಾರ್ನ್ ಹೊಡೆಯುತ್ತ ನೀರಿಗಿಳಿದ ಅಂತ ಕಾಲುವೆ ಕಾಯುವ ನೀರಗಂಟಿ ಹೇಳಿದ್ದನಂತೆ. ತಾಯಿ ಪಾರ್ವತಮ್ಮ ಅಂದಿನಿಂದ ಗಂಡನ ಜೊತೆ ಮಾತೇ ಬಿಟ್ಟಿದ್ದರು.

"ಈಗ ಸಣ್ಣಾವ ಶಿವು ಹಠ ಹಿಡದಾನ್ರಿ ಮಾಸ್ತರ," ಅಂದರು ಗೌಡರು. "ಅದ ಕಾರು ತಗೊಂಡು ಮದ್ರಾಸಿಗೆ ರೇಸಿಗೆ ಹೋಗ್ತಾನಂತ. ಎತ್ತಿಗೆ ಕಲ್ಲು ಕಟ್ಟಿ ಎಳಿಸಿ ಬಲ ನೋಡ್ತೀವಲ್ಲ, ಹಾಂಗ ಕಾರಿಂದೂ ನೋಡಾಕ ಬರ್ತೈತಂತಲ್ಲ. ನೀರು ಕುಡದ ಎಂಜಿನ್ನು ಅದು. ಬಲ ಇಲ್ಲ ಅಂತ ನಿಮ್ಮ ಬಾಯಿಲೆ ಬಂದ್ರ ಅವ ಸುಮ್ನಾಗ್ತಾನ."

"ಬಲ ಇದ್ರ?" ಅಂದೆ.

"ಇದ್ರ ಐತಿ ಅನ್ರಿ. ನಮ್ಮ ಮನಿಯಾಗ ಸುಳ್ಳು ಹೇಳಂಗಿಲ್ಲ."

ಕಾರನ್ನು ನಿಂತಲ್ಲೇ ಓಡಿಸಿ ಅದರ ಹಾರ್ಸ್‌ಪವರ್ ಅಳೆಯುವ ಯಂತ್ರಕ್ಕೆ ಡೈನಮೋಮೀಟರ್ ಅನ್ನುತ್ತಾರೆ. ಕಾರಿಗಾಗುವಂಥದ್ದು ಆಗ ಬಳ್ಳಾರಿ ಸೀಮೆಗೆ ಎಲ್ಲಿಂದ ಬರಬೇಕು? ನಾನೂ ಗೌಡರ ಮೆಕ್ಯಾನಿಕ್ ಖಾದರ್‌ಸಾಬನೂ ಸೇರಿ ಜಿನ್ನಿನಲ್ಲೇ ಒಂದನ್ನು ಮಾಡಿದೆವು. ಹಳೇ ಯಂತ್ರದ ಎರಡು ಉರುಳೆಗಳನ್ನು ಗುಂಡಿಯಲ್ಲಿ ಕೂಡಿಸಿ, ಕಾರಿನ ಹಿಂದಿನ ಗಾಲಿಗಳನ್ನು ಅವುಗಳ ಮೇಲಿಟ್ಟೆವು. ಗಾಲಿ ತಿರುಗಿದರೆ ಉರುಳೆ ತಿರುಗಬೇಕು, ಕಾರು ಮಾತ್ರ ಕದಲಬಾರದು. ಅದಕ್ಕೆ ಹಗ್ಗ ಹಾಕಿ ಹಿಂದಿನ ಕಂಬಗಳಿಗೆ ಬಿಗಿದೆವು. ಉರುಳೆಯ ತುದಿಯನ್ನು ಎರಡು ಕಟ್ಟಿಗೆ ತುಂಡುಗಳ ನಡುವೆ ಹಿಡಿಸಿ, ಅವಕ್ಕೆ ಒಂದು ಉದ್ದನೆ ತೊಲೆ ಕಟ್ಟಿ, ಅದರ ತುದಿಯನ್ನು ಭತ್ತದ ಚೀಲ ತೂಗುವ ಕಾಟಾದ ಮೇಲೆ ಊರಿದೆವು. ಕಟ್ಟಿಗೆ ಬಿಗಿದಷ್ಟೂ ಎಂಜಿನ್ ತಿಣುಕುತ್ತದೆ, ತೊಲೆ ಕಾಟಾವನ್ನು ಒತ್ತುತ್ತದೆ. ಆ ತೂಕ ಮತ್ತು ಉರುಳೆಯ ವೇಗ ಸಿಕ್ಕರೆ ಉಳಿದದ್ದು ಲೆಕ್ಕ. ನನಗೋ ಹೇಳಲಾರದ ಹುರುಪು.

ಆವತ್ತು ಮಟಮಟ ಮಧ್ಯಾಹ್ನ. ಶಿವು ತಾನೇ ಕೂರುತ್ತೇನೆಂದ. ಗೌಡರು, "ನೀ ಕಾಟಾ ನೋಡು" ಅಂದುಬಿಟ್ಟರು. ಅವನು ಮುಖ ಊದಿಸಿಕೊಂಡು ಹೋಗಿ ಕಾಟಾದ ಮುಂದೆ ಕುಕ್ಕರಿಸಿದ. ಅವನ ತೋಳಿನಲ್ಲಿ ಕರಿ ದಾರದ ತಾಮ್ರದ ತಾಯತ ಹೊಳೆಯುತ್ತಿತ್ತು. ನಾನು ಸೀಟಿನಲ್ಲಿ ಕೂತೆ. ಎದುರಿಗೆ ಜಿನ್ನಿನ ಕಲ್ಲು ಗೋಡೆ. ಸ್ಟೀರಿಂಗ್ ನಡುವೆ ಹಾರ್ನ್ ಗುಂಡಿ ಇರಬೇಕಾದ ಕಡೆ ಬರೀ ತೂತು ಕಂಡು ಖಾದರ್‌ಸಾಬನನ್ನು ಕೇಳಿದೆ. "ಅಮ್ಮಾರು ಹಾರ್ನೇ ತೆಗಿಸಿಬಿಟ್ರು ಸಾರ್. ಆ ಸದ್ದು ಕೇಳಾಕ ಆಗಲ್ಲ ಅಂದ್ರು. ವೈರೂ ಕಿತ್ತೀನಿ," ಅಂದ.

ಮೊದಲು ಮೆಲ್ಲಗೆ ಓಡಿಸಿದೆ. ಎಲ್ಲ ಸರಿಯಿತ್ತು. ಎಂಜಿನ್ ಕಾದ ಹಾಗೆ ಸೀಟಿನೊಳಗಿಂದ ಹಸಿ ರಾಡಿಯ ವಾಸನೆ ಏಳತೊಡಗಿತು. ಮೂರು ವರ್ಷ ಒಣಗಿದ ಕಾರು ಅದು. ಹೊರಗೆ ನೆಲ ಬಿರಿಯುವ ಬಿಸಿಲು, ನನ್ನ ಮೂಗಿಗೆ ಕಾಲುವೆ. ಗೌಡರಿಗೂ ಬಡಿದಿರಬೇಕು, ಟವೆಲಿನಿಂದ ಮೂಗು ಮುಚ್ಚಿಕೊಂಡು ಆ ಕಡೆ ತಿರುಗಿದರು.

ಪೂರಾ ಬಲ ಗೊತ್ತಾಗಬೇಕಾದರೆ ಎಕ್ಸಿಲೇಟರ್ ಪೂರಾ ಒತ್ತಲೇಬೇಕು. ಒತ್ತಿದೆ. ಖಾದರ್‌ಸಾಬ ನೀರು ಹನಿಸುತ್ತ ಕಟ್ಟಿಗೆ ಬಿಗಿದ. ಶಿವು ತೂಕ ಕೂಗಿದ. ಮುಂದಿನ ಮುಳ್ಳಿನಲ್ಲಿ ವೇಗ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದರೆ ಎಪ್ಪತ್ತು ಹಾರ್ಸ್‌ಪವರಿನ ಹತ್ತಿರ, ಹೊಸ ಕಾರಿಗೆ ಇರಬೇಕಾದಷ್ಟೇ. ನನ್ನ ಮುಖ ನೋಡಿಯೇ ಗೌಡರಿಗೆ ತಿಳಿಯಿತು. ಪಾಪ, ಕಂಬ ಹಿಡಿದು ನಿಂತರು.

ಆಯಿತು ಅಂತ ಕಾಲು ತೆಗೆದೆ. ಎಂಜಿನ್ ಇಳಿಯಲಿಲ್ಲ. ಬಗ್ಗಿ ನೋಡಿದರೆ ಎಕ್ಸಿಲೇಟರ್ ಒತ್ತಿದಲ್ಲೇ ಇದೆ, ಇನ್ನಾರದೋ ಕಾಲು ಅದರ ಮೇಲಿದ್ದ ಹಾಗೆ. ಕಟ್ಟಿಗೆಯಿಂದ ಹೊಗೆ ಎದ್ದು ಖಾದರ್‌ಸಾಬ ಹಿಂದಕ್ಕೆ ಜಿಗಿದ. ಒಂದು ಹಗ್ಗ ಪಟ್ಟನೆ ಹರಿಯಿತು. ಕಾರು ಗೋಡೆಯ ಕಡೆ ಜಗ್ಗಿತು. ಅಷ್ಟರಲ್ಲಿ ಹಾರ್ನ್ ಶುರುವಾಯಿತು. ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮ, ನನ್ನ ಮುಂದಿನಿಂದಲೇ. ಕೈ ಹೇಗೋ ಕೀಲಿಗೆ ಹೋಯಿತು, ತಿರುವಿದೆ.

ಎಲ್ಲ ನಿಂತಿತು. ಮನೆಯ ಕಡೆಯಿಂದ ಪಾರ್ವತಮ್ಮ ಬರಿಗಾಲಲ್ಲಿ ಓಡಿ ಬಂದು ಬಾಗಿಲಲ್ಲಿ ನಿಂತರು. "ಹಾರ್ನ್ ಹೊಡದ್ರಲ್ಲ," ಅಂದರು. "ಬಸು ಬಂದ್ನೇನು?"

ಶಿವು ಹೋಗಿ ಅವ್ವನನ್ನು ಹಿಡಿದುಕೊಂಡು ಕಟ್ಟೆಯ ಮೇಲೆ ಕೂಡಿಸಿದ. ನಾವು ಮೂವರು ಬಾನೆಟ್ ಎತ್ತಿದೆವು. ಕಾರ್ಬೊರೇಟರಿನ ಪಕ್ಕದಲ್ಲಿ ಎಕ್ಸಿಲೇಟರ್ ಎಳೆಯುವ ಸಣ್ಣ ಸರಳಿಗೆ, ಶಿವುನ ತೋಳಿನಲ್ಲಿದ್ದಂಥದೇ ತಾಮ್ರದ ತಾಯತ ಕರಿ ದಾರದಲ್ಲಿ ಕಟ್ಟಿತ್ತು. ಪೂರಾ ಒತ್ತಿದಾಗ ತೆರೆಯುವ ಸಂದಿಯಲ್ಲಿ ಅದು ಜಾರಿ ಬಿದ್ದು, ಸರಳು ಹಿಂದಕ್ಕೆ ಬಾರದಂತೆ ಸಿಕ್ಕಿಕೊಂಡಿತ್ತು.

"ಕಾಲುವಿಯಿಂದ ತೆಗದ ಮ್ಯಾಲೆ ಎಂಜಿನ್ ಬಿಚ್ಚಿದಾಗ ಇದನ್ನ ನೋಡಿರ್ಲಿಲ್ಲೇನಪ?" ಅಂತ ರೇಗಿದೆ.

"ನೋಡಿದ್ದೆ ಸಾರ್. ಕಣ್ಣಿಗೊತ್ತಿಕೊಂಡು ಇದ್ದಂಗ ಬಿಟ್ಟೆ. ದೇವರ ಹೆಸರಿಲೆ ಕಟ್ಟಿದ್ದನ್ನ ಹೆಂಗ ಬಿಚ್ಚೋದು?" ಅಂದ ಖಾದರ್‌ಸಾಬ. ಅವನಿಗೆ ಏನಂತ ಬೈಯಲಿ? ಯಾರಾದರೂ ಹಾಗೆಯೇ ಬಿಡುತ್ತಿದ್ದರು.

ಗೌಡರು ತಾಯತವನ್ನು ಬಿಡಿಸಿ ಅಂಗೈಯಲ್ಲಿಟ್ಟು ತಿರುವಿ ನೋಡಿದರು. "ಮುಂದ ಕಟ್ಟಿದ್ರ ಬಸು ನಕ್ಕು ಕಿತ್ತು ಒಗೀತಿದ್ದ," ಅಂದರು ಮೆಲ್ಲಗೆ. "ಅದಕ್ಕ ಅವರವ್ವ ಕಾಣದಂಗ ಒಳಗ ಕಟ್ಸ್ಯಾಳ."

ನನಗೆ ಆಗ ಅರ್ಥವಾಯಿತು. ಆ ಹುಡುಗ ಸಾಯಲು ಹೊರಟಿರಲಿಲ್ಲ. ನನ್ನ ಮುಂದೆ ಗೋಡೆಯಿದ್ದರೂ ಕಾರನ್ನು ಕಟ್ಟಿಹಾಕಿದ್ದೆವು, ಕೀಲಿ ತಿರುವಲು ಹೊತ್ತಿತ್ತು. ಅವನ ಮುಂದೆ ತಿರುವು ಬಂದಿತ್ತು, ಸಂಜೆ ಹೊತ್ತು ದಾರಿಯಲ್ಲಿ ಜನ ಇದ್ದಿರಬೇಕು. ಕಾರು ನಿಲ್ಲುತ್ತಿಲ್ಲ, ಸರಿಯಿರಿ ಅಂತ ಕೊನೆಯವರೆಗೂ ಹಾರ್ನ್ ಒತ್ತಿ ಹಿಡಿದಿದ್ದ.

"ಅಕಿಗೆ ಹೇಳಬ್ಯಾಡ್ರಿ," ಅಂದರು ಗೌಡರು. "ಕಾಯ್ಲಿ ಅಂತ ಕಟ್ಟಿದಾಕಿ." ತಾಯತ ಜೇಬಿಗೆ ಹಾಕಿಕೊಂಡು ಹೆಂಡತಿಯ ಮುಂದೆ ಹೋಗಿ ನಿಂತರು. "ಪಾರ್ವತಿ, ನಮ್ಮ ಬಸು ತಾನಾಗೇ ಬಿದ್ದಿಲ್ಲ. ಕಾರಿನ ಸ್ಪ್ರಿಂಗ್ ಕಡದಿತ್ತು, ನಿಲ್ಲಸಾಕ ಆಗಿಲ್ಲ ಅವಗ. ಮಾಸ್ತರು ಈಗ ನೋಡಿದ್ರು."

ಪಾರ್ವತಮ್ಮ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತರು. ಆಮೇಲೆ ಎದ್ದು ಗಂಡನಿಗೆ, "ಬಿಸಿಲಾಗ ಯಾಕ ನಿಂತೀರಿ, ಒಳಗ ಬರ್ರಿ," ಅಂದರು. ಮೂರು ವರ್ಷದ ಮೇಲೆ ಆಡಿದ ಮಾತು. ಗೌಡರು ಅವರ ಹಿಂದೆಯೇ ಮನೆಯ ಕಡೆ ನಡೆದರು. ಶಿವು ಮತ್ತೆ ರೇಸಿನ ಸುದ್ದಿ ಎತ್ತಲಿಲ್ಲ.

ಊಟ ಮುಗಿಸಿ ಹೊರಟು ನಿಂತಾಗ ಪಾರ್ವತಮ್ಮ ನನ್ನ ಸ್ಕೂಟರ್ ಹತ್ತಿರ ಬಂದರು. ಕೈಯಲ್ಲಿ ಕರಿ ದಾರ, ಹೊಸದೊಂದು ತಾಮ್ರದ ತಾಯತ. "ನನ್ನ ಮಗನ ಮ್ಯಾಲಿನ ಮಾತು ತೆಗದಿ ತಮ್ಮಾ. ದಾರಿ ಚಲೋ ಇಲ್ಲ, ಇದು ಕಾಯ್ತೈತಿ," ಅನ್ನುತ್ತ ಎಕ್ಸಿಲೇಟರ್ ತಿರುವುವ ಬಲಗೈ ಹಿಡಿಕೆಗೇ ಬಿಗಿಯಾಗಿ ಕಟ್ಟಿದರು. ಗೌಡರು ನನ್ನನ್ನೇ ನೋಡುತ್ತಿದ್ದರು. ಬೇಡ ಅಂದರೆ ಕಾರಣ ಹೇಳಬೇಕಾಗುತ್ತಿತ್ತು, ಕಟ್ಟಿಸಿಕೊಂಡೆ. ಬಳ್ಳಾರಿವರೆಗೂ ಅದರ ಮೇಲೆ ಒಂದು ಕಣ್ಣಿಟ್ಟೇ ಬಂದೆ.

ಈಗ ಗಂಡ ಹೆಂಡತಿ ಇಬ್ಬರೂ ಇಲ್ಲ, ಅದಕ್ಕೇ ಬರೆದೆ. ಇಲ್ಲದ ಹಾರ್ನ್ ನಮ್ಮೆಲ್ಲರಿಗೂ ಹೇಗೆ ಕೇಳಿತು ಅನ್ನುವುದಕ್ಕೆ ನಾನು ಕಲಿಸಿದ ಯಾವ ಪಾಠದಲ್ಲೂ ಉತ್ತರ ಸಿಕ್ಕಿಲ್ಲ. ಸ್ಕೂಟರ್ ಮಾರುವಾಗ ತಾಯತವನ್ನು ಬಿಚ್ಚಿ ಟ್ರಂಕಿನಲ್ಲಿಟ್ಟೆ. ಇನ್ನೂ ಅಲ್ಲೇ ಇದೆ. ಕಟ್ಟಿಕೊಳ್ಳಲು ಭಯ, ಎಸೆಯಲು ಅದಕ್ಕಿಂತ ಭಯ.