ಚಂದನದ ಸೋಪು, ಅಘನಾಶಿನಿಯ ಕೆಸರು

ನನ್ನ ಹೆಂಡತಿಯ ಬಸಿರಿನ ಮೊದಲ ವಾಂತಿ ಬಿದ್ದದ್ದು ನನ್ನ ಎಡ ಹೆಗಲ ಮೇಲೆ. ಬೆಳಿಗ್ಗೆ ಮಿಂದು, ಪೌಡರ್ ಹಚ್ಚಿ, ತಲೆ ಬಾಚಿ, ಕೆಲಸಕ್ಕೆ ಹೊರಡುವ ಮುಂಚೆ ಅವಳ ಕಿವಿಯಲ್ಲಿ ಒಂದು ಒಳ್ಳೆಯ ಮಾತು ಹೇಳೋಣವೆಂದು ಬಗ್ಗಿದ್ದೆ. ನನ್ನ ಮಾತು ಹೊರಗೆ ಬರುವ ಮೊದಲೇ ಅವಳ ಹೊಟ್ಟೆಯಲ್ಲಿದ್ದ ಬಂಗಡೆ ಸಾರು ಹೊರಗೆ ಬಂತು. ಬೆಚ್ಚಗಿತ್ತು. ಆ ದಿನದ ಬಗ್ಗೆ ಬೇರೆಯವರು ಏನೇನೋ ನೆನಪು ಮಾಡಿಕೊಳ್ಳುತ್ತಾರೆ, ನನ್ನ ಅಮ್ಮ, ನಮ್ಮ ಮನೆಯ ಆಯಿ, ದೇವರಿಗೆ ಕಾಯಿ ಇಟ್ಟದ್ದು, ಟೆಸ್ಟಿನ ಕಡ್ಡಿಯಲ್ಲಿ ಎರಡು ಗೆರೆ ಮೂಡಿದ್ದು. ನನಗೆ ನೆನಪಿರುವುದು ಅದು ಬೆಚ್ಚಗಿತ್ತು ಎನ್ನುವುದು ಮಾತ್ರ.

ಹೇಸಿಗೆ ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಮೀನು ತಿನ್ನುತ್ತೇನೆ, ಕುಯ್ಯುವುದನ್ನು ನೋಡಲಾರೆ. ಬಸ್ಸಿನಲ್ಲಿ ಮುಂದಿನ ಸೀಟಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಸಾಕು, ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತೇನೆ. ಇನ್ನೊಂದು ಕಾಯಿಲೆ ಅಣಕಿಸುವುದು. ಯಾರ ದನಿಯಾದರೂ ಸರಿ, ಎರಡು ಸಲ ಕೇಳಿದರೆ ನನ್ನ ಗಂಟಲಿಗೆ ಬಾಡಿಗೆಗೆ ಬಂದು ಕೂರುತ್ತದೆ. ಅತ್ತೆಯ ದನಿಯಲ್ಲಿ ಫೋನ್ ಮಾಡಿ ಹೆಂಡತಿಯನ್ನು ಬೈದದ್ದಿದೆ. ಕಂಡಕ್ಟರ್ ದನಿಯಲ್ಲಿ "ಹೊನ್ನಾವರ, ಹೊನ್ನಾವರ" ಎಂದು ಕೂಗಿ ನಿದ್ದೆಯಲ್ಲಿದ್ದವರನ್ನು ಇಳಿಸಿದ್ದೂ ಇದೆ. ಇಳಿದವರಲ್ಲಿ ಒಬ್ಬರು ಭಟ್ಕಳಕ್ಕೆ ಟಿಕೆಟ್ ತೆಗೆದಿದ್ದರು ಎಂದು ಆಮೇಲೆ ಗೊತ್ತಾಯಿತು.

ನನ್ನ ಉದ್ಯೋಗವೂ ನನ್ನ ಮೂಗಿಗೆ ಹೇಳಿ ಮಾಡಿಸಿದಂತಿತ್ತು. ಸೋಪು, ಪೌಡರ್, ಊದಿನಕಡ್ಡಿಗಳನ್ನು ಅಂಗಡಿಯಿಂದ ಅಂಗಡಿಗೆ ಹೊತ್ತು ಮಾರುವ ಲೈನ್ ಸೇಲ್ಸ್. ಮನೆ ಹೊನ್ನಾವರದ ಹತ್ತಿರ. ಉತ್ತರಕ್ಕೆ ಕುಮಟಾ, ದಕ್ಷಿಣಕ್ಕೆ ಭಟ್ಕಳ, ನಡುವೆ ಹೆದ್ದಾರಿಯ ಧೂಳು. ಬೈಕಿನ ಹಿಂದೆ ಕಟ್ಟಿದ ಬಾಕ್ಸಿನಿಂದ ಚಂದನ, ಗುಲಾಬಿ, ನಿಂಬೆ ಎಲ್ಲ ಸೇರಿ ಹೊಮ್ಮುತ್ತಿದ್ದ ಪರಿಮಳದಲ್ಲಿ ನಾನು ಮೆರವಣಿಗೆಯ ದೇವರಂತೆ ಸಾಗುತ್ತಿದ್ದೆ. ಮದುವೆಗೆ ಮೊದಲು ನನ್ನನ್ನು ನೋಡಿ ಬಂದಾಗ ಹೆಂಡತಿ ಗೆಳತಿಯರ ಹತ್ತಿರ ಹೇಳಿದ್ದಳಂತೆ: "ಮುಖ ಹಂಗೇ ಹಿಂಗೇ. ಆದ್ರೆ ಪರಿಮಳ ಚಲೋ ಅದೆ."

ಆ ಪರಿಮಳವೇ ಈಗ ಅವಳಿಗೆ ವಿಷವಾಯಿತು. ಮೊದಲಿಗೆ ಬಂಗಡೆಯದೇ ತಪ್ಪು ಎಂದುಕೊಂಡೆವು. ಆಯಿ ಮೀನು ನಿಲ್ಲಿಸಿದಳು. ವಾಂತಿ ನಿಲ್ಲಲಿಲ್ಲ. ಒಗ್ಗರಣೆ ನಿಲ್ಲಿಸಿದಳು, ಕಾಫಿ ನಿಲ್ಲಿಸಿದಳು. ಕೊನೆಗೆ ಒಂದು ಸಂಜೆ ನನ್ನ ಬೈಕು ಗೇಟಿನ ಹತ್ತಿರ ಬಂದಾಗಲೇ ಒಳಗಿನಿಂದ "ಓ..." ಎನ್ನುವ ಶಬ್ದ ಕೇಳಿ ಬಂತು. ಆಯಿ ಬಾಗಿಲಿಗೆ ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ತಮಾ, ಮೀನಲ್ಲ. ನೀನು."

ಅದೇ ದಿನ ಭಟ್ಕಳದ ಒಬ್ಬ ಅಂಗಡಿಯವರಿಗೆ ಸುದ್ದಿ ಹೇಳಿದ್ದೆ. ನಾಲ್ಕೈದು ವರ್ಷದ ಗಿರಾಕಿ. ನನ್ನ ಸೋಪಿನ ಜೊತೆ ತಮ್ಮ ಅತ್ತರನ್ನೂ ಇಟ್ಟು ಮಾರುವ ದೊಡ್ಡ ಮನಸ್ಸಿನವರು. "ಮುಬಾರಕ್ ಭಾಯ್, ಮುಬಾರಕ್!" ಎಂದು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು, ಒಂದು ಸಣ್ಣ ಬಾಟಲಿ ತೆರೆದು ನನ್ನ ಎರಡೂ ಮಣಿಕಟ್ಟಿಗೆ, ಕಿವಿಯ ಹಿಂದೆ, ಕಾಲರಿಗೆ ಸವರಿದ್ದರು. "ಇದು ಸಾದಾ ಮಾಲಲ್ಲ. ಮನೆಗೆ ಹೋಗಿ ನೋಡಿ, ಬೀವಿ ಎಂತ ಹೇಳ್ತಾರೆ."

ಬೀವಿ ಏನು ಹೇಳಿದಳೆಂದರೆ, "ಅಲ್ಲೇ ನಿತ್ಕ! ಮೆಟ್ಟಿಲು ಹತ್ತಬೇಡ!" ಆಯಿಯ ಎದುರು ನನ್ನನ್ನು "ನೀವು" ಎನ್ನುವುದು ಅವಳ ಪದ್ಧತಿ. ಬಸಿರಿನ ಮೊದಲ ಬಲಿ ಆ ಬಹುವಚನ.

ಅವತ್ತಿನಿಂದ ನನ್ನ ಸ್ಥಾನ ಅಂಗಳದ ಬಟ್ಟೆ ಒಗೆಯುವ ಕಲ್ಲು. ಅವಳು ಜಗಲಿಯ ಒಳಮೂಲೆಯಲ್ಲಿ, ಮಡಿಲಲ್ಲಿ ಪ್ಲಾಸ್ಟಿಕ್ ಬಕೆಟು. ನಡುವೆ ಬಿಸಿಲಿಗೆ ಹಾಕಿದ ಕೊಬ್ಬರಿ. ಮೊದಲ ಮಗುವಿನ ತಂದೆ ತಾಯಿ ಹೀಗೆ ಗಡಿಯ ಎರಡು ಬದಿಯ ಕಾವಲಿನವರಂತೆ ಕೂಗಿ ಮಾತಾಡುತ್ತಿದ್ದೆವು.

"ಇವತ್ತು ಎಂತ ತಿಂದೆ?"

"ಅರ್ಧ ಇಡ್ಲಿ."

"ಉಳೀತಾ?"

"ಬಕೆಟ್ ನೋಡು."

ನಾನು ನೋಡಲಿಲ್ಲ. ಅಷ್ಟು ದೂರದಿಂದಲೂ ನನಗೆ ಹೊಟ್ಟೆ ತೊಳೆಸಿ ಬರುತ್ತಿತ್ತು. ಅವಳು ವಾಂತಿ ಮಾಡಿದರೆ ನನಗೆ ಓಕರಿಕೆ, ನಾನು ಓಕರಿಸುವುದನ್ನು ಕೇಳಿ ಅವಳಿಗೆ ಮತ್ತೆ ವಾಂತಿ. ನಡುವೆ ಆಯಿ ಒಬ್ಬಳೇ ಚೊಂಬು ಹಿಡಿದು ಓಡಾಡುತ್ತಿದ್ದಳು. "ಇಬ್ರಲ್ಲಿ ಬಸುರಿ ಯಾರು ಅಂತ ಮೊದ್ಲು ಹೇಳ್ರಾ. ನೀರು ಯಾರಿಗೆ ಕೊಡ್ಬೇಕು ಗೊತ್ತಾಗ್ತಿಲ್ಲ."

ದನಿ ಬದಲಿಸುವುದೆಂದರೆ ನನಗೆ ನೀರು ಕುಡಿದಷ್ಟು ಸುಲಭ. ವಾಸನೆ ಬದಲಿಸುವ ವಿದ್ಯೆ ಕಲಿತಿರಲಿಲ್ಲ. ಸೋಪು ಬಿಟ್ಟು ಕಡಲೆಹಿಟ್ಟು ತಿಕ್ಕಿ ಮಿಂದೆ. "ಬಜಿ ನಾತ" ಎಂದಳು. ಸೀಗೆಪುಡಿ ಹಾಕಿದೆ, "ಅಜ್ಜಿ ನಾತ." ಅರಿಶಿನ ಹಚ್ಚಿಕೊಂಡು ಹೋಗಿ ನಿಂತೆ, ಬಕೆಟಿನಿಂದ ಮುಖ ಎತ್ತದೆಯೇ "ಈಗ ಯಾರ ಮದುವೆ?" ಎಂದಳು. ಬರೀ ನೀರಿನಲ್ಲಿ ಮಿಂದರೂ ಚಂದನ ಹೋಗಲಿಲ್ಲ. ಅದು ಕೂದಲಲ್ಲಿ, ಬ್ಯಾಗಿನಲ್ಲಿ, ಉಗುರಿನ ಸಂದಿಯಲ್ಲಿ ಮನೆ ಮಾಡಿತ್ತು. ಗಾಳಿಯಾದರೂ ತೆಗೆದುಕೊಂಡು ಹೋಗಲಿ ಎಂದು ಒಂದು ಸಂಜೆ ಅವಳನ್ನು ರಿಕ್ಷಾದಲ್ಲಿ ಕೂರಿಸಿ, ನಾನು ಬೈಕಿನಲ್ಲಿ ಹಿಂಬಾಲಿಸಿ ಕಡಲಂಚಿನ ಅಪ್ಸರಕೊಂಡದ ಗುಡ್ಡಕ್ಕೆ ಹೋದೆವು. ಅಲ್ಲಿ ಗಾಳಿ ನನ್ನ ಕಡೆಯಿಂದ ಅವಳ ಕಡೆಗೆ ಬೀಸುತ್ತಿತ್ತು. ಬೇರೆ ಹೇಳುವುದು ಬೇಡ.

ನಗುವ ವಿಷಯವಲ್ಲ ಎಂದು ಗೊತ್ತಾದದ್ದು ತಪಾಸಣೆಯ ದಿನ. ಮೂರು ತಿಂಗಳು ತುಂಬಿದ ಮೇಲೆ ಡಾಕ್ಟರು ಹೊಟ್ಟೆಯ ಮೇಲೆ ಒಂದು ಸಣ್ಣ ಯಂತ್ರ ಇಟ್ಟು ಮಗುವಿನ ಎದೆಬಡಿತ ಕೇಳಿಸಿದರು. ಆಯಿ ಕೇಳಿದಳು, ನರ್ಸ್ ಕೇಳಿದಳು, ನೆಲ ಒರೆಸಲು ಬಂದವಳೂ ಕೇಳಿದಳು. ನಾನು ಪರದೆಯಿಂದ ಹೊರಗೆ, ಬಾಗಿಲಿನಿಂದಲೂ ಹೊರಗೆ, ಕಾರಿಡಾರಿನ ಕೊನೆಯಲ್ಲಿ. ಹತ್ತಿರ ಬಂದರೆ ಅವಳ ಹೊಟ್ಟೆ ಎಗರುತ್ತಿತ್ತು, ಯಂತ್ರ ಒಂದೆಡೆ ಕೂರುತ್ತಿರಲಿಲ್ಲ. ಅಷ್ಟು ದೂರಕ್ಕೆ ಏನೋ ಗುಸುಗುಸು ಬಂದ ಹಾಗಾಯಿತು, ಫ್ಯಾನಿನದೂ ಇರಬಹುದು. ಹೊರಗೆ ಬಂದ ಡಾಕ್ಟರು ತೂಕ ಇಳಿಯುತ್ತಿದೆ ಎಂದರು. ಹೀಗೇ ಆದರೆ ದಾಖಲು ಮಾಡಿ ಡ್ರಿಪ್ ಹಾಕಬೇಕಾಗುತ್ತದೆ.

ಸಂಜೆ ಹೆಂಡತಿಯ ತವರಿನಿಂದ, ಕುಮಟಾದ ಹತ್ತಿರ ಹೊಳೆದಡದಲ್ಲಿರುವ ಅಘನಾಶಿನಿ ಊರಿನಿಂದ, ಅತ್ತೆಯ ಫೋನು ಬಂತು. ಅತ್ತೆ ಫೋನಿನಲ್ಲಿ ಮಾತಾಡುವುದಿಲ್ಲ, ಹೊಳೆಯ ಆಚೆ ದಡದವರನ್ನು ಕರೆಯುತ್ತಾರೆ. "ಆದಿತ್ಯವಾರ ಕರ್ಕ ಹೋಗ್ತೆ. ಹೆರಿಗೆ ಆಗೂವರೆಗೂ ನಮ್ಮಲ್ಲೇ ಇರ್ಲಿ."

ನಮ್ಮಲ್ಲಿ ಚೊಚ್ಚಲ ಬಸುರಿ ತವರಿಗೆ ಹೋಗುವುದು ಏಳನೇ ತಿಂಗಳಲ್ಲಿ, ಹೂ ಮುಡಿಸುವ ಶಾಸ್ತ್ರ ಮುಗಿದ ಮೇಲೆ. ನಾಲ್ಕಕ್ಕೇ ಹೋದರೆ ಹೊಟ್ಟೆ ಬೆಳೆಯುವುದು, ಮಗು ಒದೆಯುವುದು ಎಲ್ಲ ಅಲ್ಲಿ. ನಾನು ಆದಿತ್ಯವಾರಕ್ಕೊಮ್ಮೆ ಅವರ ಅಂಗಳದ ಕಲ್ಲಿನ ಮೇಲೆ ಕೂರುವ ನೆಂಟ. ನನ್ನ ಮಗು ನನ್ನ ದನಿಗಿಂತ ಮೊದಲು ಅತ್ತೆಯ ದನಿ ಕಲಿಯುತ್ತದೆ ಎಂದು ಯೋಚಿಸಿ ನಿಜಕ್ಕೂ ದಿಗಿಲಾಯಿತು. ಹೆಂಡತಿಯನ್ನು ಕೇಳಿದೆ, "ಹೋಗ್ತ್ಯಾ?"

"ನಂಗೆ ಇಷ್ಟ ಇಲ್ಲ," ಎಂದಳು. ಆಮೇಲೆ ಬಕೆಟಿಗೆ ಬಗ್ಗಿ, "ಆದ್ರೆ ನಿನ್ನ ಹತ್ರ ಆಗುಕಿಲ್ಲ," ಎಂದಳು.

ಆದಿತ್ಯವಾರ ಅತ್ತೆಯನ್ನು ಕರೆತರಲು ನಾನೇ ಹೋದೆ. ನನ್ನ ಗಲ್ಲುಗಂಬಕ್ಕೆ ಹಗ್ಗ ತರಲು ನನ್ನನ್ನೇ ಕಳಿಸಿದಂತೆ. ಅತ್ತೆ ಚೀಲ ಕಟ್ಟಿ ತಯಾರಾಗಿದ್ದರು. ಆದರೆ ಹೊಳೆಯ ಕಡೆ ನೋಡಿ ನಿಂತರು. ನೀರು ಇಳಿದಿತ್ತು. ಜನ ಸೊಂಟದ ಮಟ್ಟ ನೀರಿಗಿಳಿದು, ಕೆಸರಿನಲ್ಲಿ ಹುದುಗಿರುವ ಚಿಪ್ಪುಮೀನು ಬಳಚು ಹೆಕ್ಕುತ್ತಿದ್ದರು.

"ಅವ್ಳಿಗೆ ಬಳಚು ಅಂದ್ರೆ ಜೀವ. ನಂಗೆ ಮೊಣಕಾಲು ಬಗ್ಗೂದಿಲ್ಲ. ನೀವು ಒಂದ್ ಬುಟ್ಟಿ ತಕ ಬನ್ನಿ."

"ಪೇಟೆಲಿ ಸಿಗ್ತದಲ್ಲ ಅತ್ತೆ?"

"ಪೇಟೆಲಿ ಹೆಂಡ್ತಿನೂ ಸಿಕ್ತಾಳೆ. ಇಳೀರಿ."

ಇಳಿದೆ. ಕಾಲಿಟ್ಟ ತಕ್ಷಣ ಕೆಸರು ಮೊಣಕಾಲಿನವರೆಗೆ ನುಂಗಿತು. ಕಪ್ಪು, ತಣ್ಣಗೆ, ಲೋಳೆ ಲೋಳೆ. ಬೆರಳ ಸಂದಿಯಲ್ಲಿ ಏನೋ ಹರಿದು ಹೋಯಿತು. ಕೊಳೆತ ಮೊಟ್ಟೆ, ಹಳೆಯ ಬಲೆ, ಮುಚ್ಚಿಟ್ಟ ಬಾವಿ, ಇವೆಲ್ಲ ಸೇರಿ ಉಸಿರಾಡಿದಂಥ ನಾತ ಎದ್ದು ಬಂದು ಮೂಗಿನೊಳಗೆ ಕೂತಿತು. ಬಳಚು ಕಾಲಿಗೆ ತಾಗಿದ ಕೂಡಲೇ ಬಗ್ಗಿ ಕೈ ಹಾಕಬೇಕು. ನಾನು ಬಗ್ಗಿದೆ, ಕೈ ಹಾಕಿದೆ, ಓಕರಿಸಿದೆ, ಸಮತೋಲ ತಪ್ಪಿ ಮುಖ ಅಡಿಯಾಗಿ ಬಿದ್ದೆ. ಪಕ್ಕದಲ್ಲಿದ್ದ ಹೆಂಗಸು ಬುಟ್ಟಿ ನೀರಿಗೆ ಬೀಳುವಷ್ಟು ನಕ್ಕಳು. ದಡದ ಮೇಲಿನಿಂದ ಅತ್ತೆ ಕೂಗಿದರು, "ಬಾಯಿ ಮುಚ್ಕಳ್ಳಿ, ಒಳಗೆ ಹೋಗ್ತದೆ!" ಒಳಗೆ ಹೋಗಿಯಾಗಿತ್ತು.

ಹೇಗೋ ಅರ್ಧ ಬುಟ್ಟಿ ಮಾಡಿ ಮೇಲೆ ಬಂದೆ. ಮೀಯುತ್ತೇನೆಂದರೆ ಅತ್ತೆ ಬಿಡಲಿಲ್ಲ, ಬಿಸಿಲೇರಿದರೆ ಬಳಚು ಕೆಡುತ್ತದಂತೆ. ಹೆದ್ದಾರಿಯ ಗಾಳಿಗೆ ಕೆಸರು ಮೈಮೇಲೆ ಒಣಗಿ ಹಪ್ಪಳದಂತೆ ಬಿರಿಯಿತು. ಹಿಂದೆ ಬುಟ್ಟಿ ಹಿಡಿದು ಕೂತ ಅತ್ತೆ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಗುರುತಿನವರಿಗೆಲ್ಲ "ನಮ್ಮ ಅಳಿಯ" ಎಂದು ಪರಿಚಯಿಸಿದರು. ಅಷ್ಟು ಹೆಮ್ಮೆಯಿಂದ ಮದುವೆಯ ದಿನವೂ ಹೇಳಿರಲಿಲ್ಲ.

ಅಂಗಳಕ್ಕೆ ಬಂದು ಬೈಕ್ ನಿಲ್ಲಿಸಿದೆ. ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಛೀ, ಛೀ! ಎಲ್ಲಿ ಬಿದ್ಯಾ? ಬಾವಿಕಟ್ಟೆಗೆ ಹೋಗು ಮೊದ್ಲು!" ನಾನು ತಲೆ ತಗ್ಗಿಸಿ ಬಾವಿಯ ಕಡೆ ಹೊರಟೆ.

"ತಡಿ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬಕೆಟು ಕೈಯಲ್ಲಿರಲಿಲ್ಲ. ಮೂಗರಳಿಸಿ ಗಾಳಿ ಎಳೆದುಕೊಂಡಳು. ನಾನು ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದೆ.

"ಹಿಂದೆ ಹೋಗ್ಬೇಡ. ಇಲ್ಲೇ ಕುತ್ಕ."

ಮೆಟ್ಟಿಲ ಮೇಲೆ ಕೂತೆ. ಅವಳೂ ಬಂದು ಪಕ್ಕದಲ್ಲಿ ಕೂತಳು. ಎಷ್ಟೋ ವಾರಗಳ ಮೇಲೆ ಅವಳ ಮೊಣಕೈ ನನಗೆ ತಾಗಿತು. ಕೆಸರು ಮೆತ್ತಿದ ನನ್ನ ಹೆಗಲಿಗೆ, ಹೌದು, ಅದೇ ಎಡ ಹೆಗಲಿಗೆ, ಮೂಗು ಒತ್ತಿ ಉದ್ದಕ್ಕೆ ಉಸಿರೆಳೆದು "ಹಾ..." ಎಂದಳು. ನನ್ನ ಹೊಟ್ಟೆಯೊಳಗೆ ನುಂಗಿದ ಕೆಸರು ಮಗುಚಿ ಬರುತ್ತಿತ್ತು. ಹಲ್ಲು ಕಚ್ಚಿ ಕೂತೆ. ಅತ್ತೆ ಬಳಚು ಬೇಯಿಸಿ ಕಾಯಿತುರಿ ಹಾಕಿ ಸುಕ್ಕ ಮಾಡಿದರು. ಅವಳು ಎರಡು ಸಲ ಬಡಿಸಿಕೊಂಡು ತಿಂದಳು. ಒಂದೂ ವಾಪಸ್ ಬರಲಿಲ್ಲ. ಸಂಜೆಯವರೆಗೆ ಕಾದು ನೋಡಿದ ಅತ್ತೆ ಚೀಲ ತೆಗೆದುಕೊಂಡು ಕುಮಟಾ ಬಸ್ಸಿಗೆ ಹೊರಟರು. "ಕರ್ಕ ಹೋಗ್ತೆ ಅಂದಿದ್ರಿ?" ಎಂದೆ, ಅವರದೇ ದನಿಯಲ್ಲಿ.

"ನೀವು ಮೀಯದಿದ್ರೆ ಇಲ್ಲೇ ಇರ್ಲಿ," ಎಂದರು.

ಮುಂದಿನ ಆದಿತ್ಯವಾರ ಬಳಚಿನ ಜೊತೆ ಒಂದು ಬಕೆಟ್ ಕೆಸರನ್ನೂ ತಂದೆ. ದಿನಾ ಸಂಜೆ ಗೇಟಿನ ಹೊರಗೆ ಬೈಕ್ ನಿಲ್ಲಿಸಿ, ಚಂದನದ ಅಂಗಿ ತೆಗೆದು, ಕುತ್ತಿಗೆಗೆ, ತೋಳಿಗೆ, ಕಿವಿಯ ಹಿಂದೆ ಅದನ್ನು ಸವರಿಕೊಂಡು ಒಳಗೆ ಹೋಗುತ್ತಿದ್ದೆ. ಮಳೆಗಾಲವಲ್ಲದ್ದರಿಂದ ಅದು ಒಣಗದಂತೆ ನೀರು ಹನಿಸಿ ಗೋಣಿ ಮುಚ್ಚಬೇಕಿತ್ತು. ಒಳಗಿದ್ದ ಏಡಿಮರಿಯೊಂದು ಸತ್ತ ಮೇಲೆ ನಾತ ಇನ್ನಷ್ಟು ಪಕ್ವವಾಯಿತು. ಹೆಂಡತಿ ಮಾತ್ರ "ಇವತ್ತು ಚಲೋ ಅದೆ" ಎಂದಳು. ನೊಣಗಳೂ ಹಾಗೆಯೇ ಅಭಿಪ್ರಾಯಪಟ್ಟವು. ಆಯಿ ನನಗೆ ಊಟದ ತಟ್ಟೆಯನ್ನು ದೂರದಿಂದ ಜಾರಿಸುತ್ತಿದ್ದಳು.

ಮುಂದಿನ ತಪಾಸಣೆಗೆ ಕಿವಿಯ ಹಿಂದೆ ಎರಡು ಬೊಟ್ಟು ಇಟ್ಟುಕೊಂಡು ಹೋದೆ. ನರ್ಸ್ ಮೂಗು ಹಿಂಡಿ, ಕಿಟಕಿ ತೆರೆದು, ಚರಂಡಿ ಕಟ್ಟಿದೆಯಾ ಎಂದು ಯಾರನ್ನೋ ಕೂಗಿ ಕೇಳಿದಳು. ನಾನು ಮುಗ್ಧನಂತೆ ಪರದೆಯ ಒಳಗೆ, ಹೆಂಡತಿಯ ತಲೆಯ ಹತ್ತಿರ ನಿಂತೆ. ಡಾಕ್ಟರು ಯಂತ್ರ ಇಟ್ಟರು. ಮೊದಲು ಗಾಳಿಯ ಶಬ್ದ. ಆಮೇಲೆ ಅಳಿವೆಯಾಚೆ ಎಲ್ಲೋ ಬೋಟೊಂದು ಇಂಜಿನ್ ಶುರು ಮಾಡಿದಂತೆ, ದುಡುದುಡು ದುಡುದುಡು. ಎಷ್ಟು ಅವಸರ ಅದಕ್ಕೆ! ನಾನು ಬಾಯಿ ತೆರೆದುಕೊಂಡೇ ಇದ್ದೆ. ತೂಕ ಏರಿದೆ ಎಂದು ಡಾಕ್ಟರು ಹೇಳಿದ್ದು ಅರ್ಧ ಮಾತ್ರ ಕೇಳಿಸಿತು.

ಮಾರನೇ ದಿನ ಭಟ್ಕಳದ ಅಂಗಡಿಯಲ್ಲಿ ನಾಲಿಗೆಯನ್ನು ಅಂಗುಳಿಗೆ ಬಡಿದು ಆ ಎದೆಬಡಿತವನ್ನು ಮಾಡಿ ತೋರಿಸಿದೆ. ಅಂಗಡಿಯವರು ಕಣ್ಣು ಮುಚ್ಚಿ ಕೇಳಿ "ವಾಹ್" ಎಂದರು. ಕಣ್ಣು ತೆರೆದು ಮೂಗು ಸಿಂಡರಿಸಿ, "ಅದೆಲ್ಲ ಸರಿ ಭಾಯ್. ಲೈನ್ ಚೇಂಜ್ ಮಾಡಿದ್ರಾ? ಮೀನು ಶುರು ಮಾಡಿದ್ರಾ?" ಎಂದು ಕೇಳಿ ನನ್ನ ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿಸಿದರು.

ಐದು ತಿಂಗಳು ತುಂಬಿದ ಮೇಲೆ ಒಂದು ಸಂಜೆ ಎಂದಿನಂತೆ ಸವರಿಕೊಂಡು ಮೆಟ್ಟಿಲು ಹತ್ತಿದೆ. ಅವಳು ಒಳಗೆ ಬಂಗಡೆ ಹುರಿಯುತ್ತಿದ್ದಳು, ತಾನೇ. ತಿರುಗಿ ನೋಡಿ, ಮೂಗಿಗೆ ಕೈ ಹಚ್ಚಿ, ಮುಖ ಕಿವುಚಿದಳು.

"ಛೀ! ಎಂತಾ ನಾತ ಮಾರಾಯಾ ಇದು! ಹೆಂಗೆ ಹಚ್ಕಂತೆ ನೀನು? ಹೋಗು, ಸೋಪ್ ಹಾಕಿ ಮಿಂದ್ಕ ಬಾ!"

ಅವಳ ಹೊಟ್ಟೆ ತೊಳೆಸುವುದು ಬಂದ ಹಾಗೆಯೇ ಹೊರಟುಹೋಗಿತ್ತು. ಏಳನೇ ತಿಂಗಳಿಗೆ ಇನ್ನೂ ಸಮಯವಿತ್ತು. ಅಲ್ಲಿಯವರೆಗೆ ಅವಳು ಈ ಮನೆಯಲ್ಲೇ, ನನ್ನ ಪಕ್ಕದಲ್ಲೇ. ನಾನು ಕುಣಿಯುತ್ತಾ ಬಚ್ಚಲಿಗೆ ಹೋಗಿ ಹೊಸ ಚಂದನದ ಸೋಪಿನ ಕಾಗದ ಹರಿದೆ. ನೊರೆ ಮುಖಕ್ಕೆ ಹತ್ತಿರ ಬಂದದ್ದೇ ತಡ, ಹೊಟ್ಟೆಯ ತಳದಿಂದ ಏನೋ ಎದ್ದು ಬಂತು. ಸಿಹಿಸಿಹಿ, ಜಿಡ್ಡುಜಿಡ್ಡು, ಅಸಹ್ಯ! ಇದನ್ನು ನಾನು ಜನರಿಗೆ ಮಾರುತ್ತಿದ್ದೇನೆಯೇ? ಗೋಡೆ ಹಿಡಿದು ಓಕರಿಸಿದೆ.

ಬಾಗಿಲ ಆಚೆಯಿಂದ ಅದೇ ಓಕರಿಕೆ ತಿರುಗಿ ಬಂತು. ಎಳೆದು, ನಡುವೆ ಒಮ್ಮೆ ಕೆಮ್ಮಿ, ಕೊನೆಗೆ "ಅಯ್ಯೋ ಆಯಿ" ಎನ್ನುವ ನನ್ನದೇ ಆ ಸಣ್ಣ ನರಳಿಕೆಯೂ ಸೇರಿ. ಗಾಬರಿಯಾಗಿ ಬಾಗಿಲು ತೆರೆದೆ. ಹೆಂಡತಿ ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದರಲ್ಲಿ ಸಟ್ಟುಗ ಹಿಡಿದು, ನಗು ತಡೆಯಲಾರದೆ ಗೋಡೆಗೆ ಒರಗಿದ್ದಳು.

"ಸರಿ ಬಂತಾ?" ಎಂದು ಕೇಳಿದಳು.