‘ಲಾಗಿದೆ’ಗೆ ತಲೆಬಾಗದವರು

ಉನ್ನತ ಶಿಕ್ಷಣದ ಗುಣಮಟ್ಟ ಕಾಯುವ ಕ್ಷೇತ್ರದಲ್ಲಿ ಕಡತ ಕಟ್ಟುವವರಿಗೇನೂ ಬರವಿಲ್ಲ. ಬಣ್ಣದ ಹೊದಿಕೆ, ಸುರುಳಿ ತಂತಿಯ ಬೈಂಡಿಂಗ್, ಪುಟಕ್ಕೆರಡು ನಕ್ಷೆ ಇಷ್ಟಿದ್ದರೆ ಗುಣಮಟ್ಟ ತಾನಾಗಿಯೇ ಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆಂದು ನಂಬಿದ ಪಂಡಿತರು ಕಾಲೇಜಿಗೆ ಹತ್ತು ಮಂದಿ ಸಿಗುತ್ತಾರೆ. ಈ ತಿಂಗಳು ನಿವೃತ್ತರಾಗುತ್ತಿರುವ ರಸಾಯನಶಾಸ್ತ್ರದ ಪ್ರಾಧ್ಯಾಪಕಿಯವರು ಆ ಸಾಲಿನವರಲ್ಲ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅವರು ಈ ಕ್ಷೇತ್ರಕ್ಕೆ ಕೊಟ್ಟದ್ದು ಒಂದೇ ಒಂದು ಪದ, ಅದೂ ಪ್ರಶ್ನೆ: “ಯಾರು?” ವರದಿಯಲ್ಲಿ ‘ಮಾಡಲಾಗಿದೆ’, ‘ಕೈಗೊಳ್ಳಲಾಗಿದೆ’ ಎಂದು ಕಂಡಲ್ಲೆಲ್ಲ ಆ ಪದವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ವಾಪಸು ಕಳಿಸುತ್ತಿದ್ದರು. ಹೀಗಾಗಿ ‘ಯಾರು ಮೇಡಂ’ ಎಂದೇ ಅವರಿಗೆ ಹೆಸರು ಬಿತ್ತು. ಕಚೇರಿಗೆ ಹೊಸದಾಗಿ ಬಂದ ಗುಮಾಸ್ತರೊಬ್ಬರು ಫೋನೆತ್ತಿ “ಯಾರು?” ಎನ್ನಲು, ಆ ಕಡೆಯವರು “ಹೂಂ, ಅವರೇ ಬೇಕು, ಕೊಡಿ” ಎಂದು, ಗುಮಾಸ್ತರು ಕಕ್ಕಾಬಿಕ್ಕಿಯಾದ ಕಥೆಯನ್ನು ಮೇಡಂ ತಾವೇ ಹೇಳಿಕೊಂಡು ನಗುತ್ತಾರೆ.

ಆ ಪದ ಅವರ ಸ್ವಂತದ್ದಲ್ಲ. ಈ ಮಾತನ್ನು ಅವರು ಎಂದೂ ಮುಚ್ಚಿಟ್ಟವರೂ ಅಲ್ಲ.

ಸೇವೆಯ ಎಂಟನೆಯ ವರ್ಷ ವಿದ್ಯಾರ್ಥಿಗಳ ದೂರುಪೆಟ್ಟಿಗೆಯ ಜವಾಬ್ದಾರಿ ಅವರ ಹೆಗಲಿಗೆ ಬಂತು. ಪ್ರಯೋಗಾಲಯದ ಹೊಗೆ ಹೊರಹಾಕುವ ಫ್ಯಾನು ಎರಡು ವರ್ಷದಿಂದ ತಿರುಗುತ್ತಿಲ್ಲ, ಕಣ್ಣುರಿಯುತ್ತದೆ, ಕೆಮ್ಮು ಬರುತ್ತದೆ ಎಂದು ಕೊನೆಯ ವರ್ಷದ ಪದವಿ ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು. ಪರೀಕ್ಷೆಯ ಗಡಿಬಿಡಿ, ಮೇಡಂ ಎಲ್ಲರಂತೆ ತಾವೂ “ದೂರನ್ನು ಪರಿಶೀಲಿಸಲಾಗಿದೆ, ಸೂಕ್ತ ಕ್ರಮ ಕೈಗೊಳ್ಳಲಾಗಿದೆ” ಎಂದು ಗೀಚಿ ಸೂಚನಾಫಲಕಕ್ಕೆ ಅಂಟಿಸಿ ಕೈತೊಳೆದುಕೊಂಡರು. ಮರುದಿನ ಆ ಹುಡುಗಿ ಚೀಟಿಯನ್ನು ಕಿತ್ತುಕೊಂಡೇ ಬಂದಳು.

“ಯಾರು ಪರಿಶೀಲಿಸಿದ್ರು ಮೇಡಂ? ಫ್ಯಾನು ಹಾಗೇ ಇದೆಯಲ್ಲ.”

ಅಷ್ಟು ನಾಚಿಕೆ ಅದಕ್ಕೆ ಮುಂಚೆ ಮೇಡಂಗೆ ಯಾವತ್ತೂ ಆಗಿರಲಿಲ್ಲ. ಮನೆಗೆ ಹೋಗಿ, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅಕ್ಕನ ಮುಂದೆ ಎಲ್ಲವನ್ನೂ ಹೇಳಿಕೊಂಡರು. ಅಕ್ಕ ಸಮಾಧಾನ ಮಾಡುವ ಪೈಕಿಯವರಲ್ಲ.

“ಔಷಧಿ ಕೊಡಲಾಗಿದೆ ಅಂತ ನಮ್ಮ ವಾರ್ಡಲ್ಲಿ ಬರೆದು ನೋಡೇ, ಕೆಲಸದಿಂದ ಕಿತ್ತು ಹಾಕ್ತಾರೆ. ಯಾರು ಕೊಟ್ರು, ಯಾವಾಗ ಕೊಟ್ರು, ಸಹಿ. ಮೂರೂ ಇಲ್ದಿದ್ರೆ ಕೊಟ್ಟಿಲ್ಲ ಅಂತಲೇ ಲೆಕ್ಕ.”

ಮರುದಿನವೇ ಮೇಡಂ ಉದ್ದನೆಯ ಪುಸ್ತಕವೊಂದಕ್ಕೆ ಗೆರೆ ಹಾಕಿ ಮೂರು ಕಾಲಂ ಮಾಡಿದರು: ಯಾರು, ಯಾವಾಗ, ಸಹಿ. ಪ್ರಯೋಗಾಲಯದ ಅಟೆಂಡರನ್ನು ಕರೆದುಕೊಂಡು ಏಣಿ ಹತ್ತಿಸಿದರೆ ಫ್ಯಾನಿಗೆ ಮೋಟಾರೇ ಇಲ್ಲ! ಅದು ಉಗ್ರಾಣದ ಮೂಲೆಯಲ್ಲಿ, ಕೊರಳಿಗೆ ಚೀಟಿ ಕಟ್ಟಿಕೊಂಡು, ಧೂಳು ತಿನ್ನುತ್ತ ಕುಳಿತಿತ್ತು. ಚೀಟಿಯಲ್ಲಿ ಇದ್ದದ್ದು: “ದುರಸ್ತಿ ಮಾಡಲಾಗಿದೆ.” ರಿಪೇರಿಯೇನೋ ಆಗಿತ್ತು, ತಿರುಗಿ ಜೋಡಿಸುವುದು ಯಾರ ಕೆಲಸವೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅಟೆಂಡರ್ ಅದನ್ನು ಸಂಜೆಯೊಳಗೆ ಕೂರಿಸಿದರು. ಪುಸ್ತಕದ ಮೊದಲ ಸಾಲಿನಲ್ಲಿ ಮೇಡಂ, ಅಟೆಂಡರ್ ಅವರ ಪೂರ್ತಿ ಹೆಸರು ಬರೆದು ಸಹಿ ಹಾಕಿಸಿದರು. ಇಪ್ಪತ್ತು ವರ್ಷ ದುಡಿದಿದ್ದ ಆ ಹಿರಿಯರ ಹೆಸರು ಕಾಲೇಜಿನ ದಾಖಲೆಯೊಂದರಲ್ಲಿ ‘ಮಾಡಿದವರು’ ಎಂದು ಕಾಣಿಸಿಕೊಂಡದ್ದು ಅದೇ ಮೊದಲು.

ಮೇಡಂ ನಿಷ್ಠುರಿ, ಯಾರನ್ನೂ ಬಿಡುವವರಲ್ಲ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಪ್ರಸಂಗ ತಿಳಿದಿರಲಿಕ್ಕಿಲ್ಲ. ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿಗಳಿಗೆಂದು ಹನ್ನೆರಡು ವಿಶೇಷ ತರಗತಿ ತೆಗೆದುಕೊಂಡೆನೆಂದು ಕಿರಿಯ ಉಪನ್ಯಾಸಕರೊಬ್ಬರು ಸಹಿ ಹಾಕಿದ್ದರು. ತೆಗೆದುಕೊಂಡದ್ದು ಒಂದೂ ಇಲ್ಲ. ಮೇಡಂ ಮೇಲಿನವರಿಗೆ ಚಾಡಿ ಹೇಳಲಿಲ್ಲ, ನಾಲ್ಕು ಜನರೆದುರು ಮಾನ ಕಳೆಯಲೂ ಇಲ್ಲ. “ಸಹಿ ಇರಲಿ, ಅದನ್ನ ನಿಜ ಮಾಡೋಣ ಬನ್ನಿ” ಎಂದು, ಹನ್ನೆರಡು ಶನಿವಾರ ತಾವೇ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಿದರು. ಆ ಉಪನ್ಯಾಸಕರು ಇಂದು ಒಳ್ಳೆಯ ಮೇಷ್ಟ್ರು ಎನ್ನಿಸಿಕೊಂಡಿದ್ದಾರೆ.

ಇನ್ನು ಆ ವರದಿಯ ವಿಷಯ. ಅದನ್ನು ಈ ಅಭಿನಂದನ ಸಂಪುಟದಲ್ಲಿ ಮೆಲ್ಲಗೆ ದಾಟಿಸಿಬಿಡಿ ಎಂದು ಸಲಹೆ ಕೊಟ್ಟವರಿದ್ದಾರೆ. ದಾಟಿಸುವುದಿಲ್ಲ.

ಆರು ವರ್ಷದ ಹಿಂದೆ ಹೊರಗಿನ ಪರಿಶೀಲನಾ ತಂಡ ಬರುವುದಿತ್ತು. ಮೇಲಿನ ಶ್ರೇಣಿ ಸಿಕ್ಕರೆ ಸ್ನಾತಕೋತ್ತರ ತರಗತಿಗಳಿಗೆ ಅನುಮತಿ, ಇಲ್ಲದಿದ್ದರೆ ಇಲ್ಲ. ಆಂತರಿಕ ಗುಣಮಟ್ಟ ಕೋಶದ ಸಂಚಾಲಕಿಯಾಗಿ ವರದಿಗೆ ಸಹಿ ಹಾಕಬೇಕಾದವರು ಮೇಡಂ. ವಿದ್ಯಾರ್ಥಿಗಳ ಅಭಿಪ್ರಾಯವನ್ನು “ಸಂಗ್ರಹಿಸಿ ವಿಶ್ಲೇಷಿಸಲಾಗಿದೆ” ಎಂದು ಕರಡು ಸಾರುತ್ತಿತ್ತು. ಆ ಅಭಿಪ್ರಾಯ ಪತ್ರಗಳ ಕಟ್ಟುಗಳೋ, ದಾರವನ್ನೂ ಬಿಚ್ಚದೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಬಿದ್ದಿದ್ದವು. ಪ್ರಾಂಶುಪಾಲರು ಮೇಡಂ ಅವರನ್ನು ತಮ್ಮ ಕೋಣೆಗೆ ಕರೆಸಿದರು.

“ಎಲ್ಲ ಕಾಲೇಜಲ್ಲೂ ಹೀಗೇ ಬರೆಯೋದು ಮೇಡಂ. ನಿಮಗೊಬ್ಬರಿಗೇ ಯಾಕೆ ಈ ಹಟ?”

“ಬರೆಯೋಣ ಸಾರ್. ಮಾಡಿದ್ದು ಯಾರು ಅಂತ ಹೇಳಿ, ಈಗಲೇ ಬರೀತೀನಿ.”

“ಯಾರಾದರೊಬ್ಬರು ಮಾಡಿರ್ತಾರೆ ಬಿಡಿ.”

“ಆ ಯಾರಾದರೊಬ್ಬರನ್ನ ಒಂದು ಸಲ ಕರೆಸಿ ಸಾರ್. ಕೆಲಸಕ್ಕೆ ಸೇರಿದಾಗಿಂದ ಹುಡುಕ್ತಾ ಇದೀನಿ, ಸಿಕ್ಕೇ ಇಲ್ಲ.”

“ಕುರ್ಚಿ ಹೋಗುತ್ತೆ, ನೋಡಿ.”

“ಹೋಗಲಿ ಸಾರ್. ಯಾರು ತೆಗೆದ್ರು ಅಂತ ಆದೇಶದಲ್ಲಿ ಬರೆದುಬಿಡಿ, ಸಾಕು.”

ಮೇಡಂ ಜಗ್ಗಲಿಲ್ಲ. ವರದಿಯ ಪ್ರತಿ ಸಾಲಿನ ಎದುರಿಗೂ ಮೂರು ಕಾಲಂ ಸೇರಿಸಿದರು. ಹೆಸರು ಸಿಕ್ಕಲ್ಲಿ ಹೆಸರು, ಸಿಗದಲ್ಲಿ ಖಾಲಿ. ಅರವತ್ತೊಂದು ಕಡೆ ಖಾಲಿ ಉಳಿಯಿತು. ತಂಡದ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಏನಿದು ಎಂದು ಕೇಳಿದಾಗ ಮೇಡಂ ಹೇಳಿದ್ದು ಇಷ್ಟೇ: “ಮಾಡಿಲ್ಲ ಸಾರ್. ಮಾಡಿದ್ದರೆ ಹೆಸರಿರುತ್ತಿತ್ತು.”

ಅಧ್ಯಕ್ಷರು ಎದ್ದು ಕೈಕುಲುಕಿದರು, ಸತ್ಯ ಗೆದ್ದಿತು ಎಂದು ಬರೆಯಲು ಆಸೆಯೇನೋ ಇದೆ, ಹಾಗಾಗಲಿಲ್ಲ. ಶ್ರೇಣಿ ಒಂದು ಮೆಟ್ಟಿಲು ಇಳಿಯಿತು, ಸ್ನಾತಕೋತ್ತರ ತರಗತಿ ಮೂರು ವರ್ಷ ಮುಂದೆ ಹೋಯಿತು. ಮೇಡಂ ಸಂಚಾಲಕಿಯ ಸ್ಥಾನ ಕಳೆದುಕೊಂಡರು, ಕೋಶದ ಬೀಗದ ಕೈಯನ್ನೂ ಒಪ್ಪಿಸಿದರು. ಅಧ್ಯಾಪಕರ ಕೊಠಡಿಯಲ್ಲಿ ಅವರು ಬಂದು ಕುಳಿತರೆ ಪಕ್ಕದವರಿಗೆ ತಟ್ಟನೆ ಏನೋ ಕೆಲಸ ನೆನಪಾಗುತ್ತಿತ್ತು. ಅಂದು ಹಾಗೆ ಎದ್ದುಹೋದವರಲ್ಲಿ ಕೆಲವರ ಲೇಖನಗಳು ಈ ಸಂಪುಟದಲ್ಲಿವೆ. ಇರಲಿ, ಬರೆದವರು ಯಾರೆಂದು ಅವುಗಳ ಕೆಳಗೆ ಹೆಸರಿದೆಯಲ್ಲ.

ಪುಸ್ತಕ ಮಾತ್ರ ಅವರ ಬಳಿಯೇ ಉಳಿಯಿತು. ಅದನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು, ವರದಿಯಲ್ಲಿ ಖಾಲಿ ಉಳಿದ ಸಾಲುಗಳನ್ನು ಅದರಲ್ಲಿ ಬರೆದುಕೊಂಡು, ಅಭಿಪ್ರಾಯ ಪತ್ರಗಳ ದಾರ ಬಿಚ್ಚಿ, ಒಂದೊಂದನ್ನೂ ಓದಿ, ಯಾರು ಏನು ಮಾಡಬೇಕೋ ಅವರ ಬಾಗಿಲಿಗೇ ಹೋಗಿ ಕಾಡಿ ಬೇಡಿ ಮಾಡಿಸತೊಡಗಿದರು. ಮರುಪರಿಶೀಲನೆ ಹತ್ತಿರ ಬಂದಾಗ ಹೊಸ ಸಂಚಾಲಕರು ತಾವೇ ಬಂದು ನಿಂತರು: “ಮೇಡಂ, ಆ ಮೂರು ಕಾಲಂ ಪುಸ್ತಕ ಸ್ವಲ್ಪ ಕೊಡ್ತೀರಾ?” ಮೇಡಂ ಪೆನ್ನು ಚಾಚಿ, “ಧಾರಾಳವಾಗಿ. ತಗೊಂಡವರು ಯಾರು ಅಂತ ಸಹಿ ಹಾಕಿ” ಎಂದರು. ಶ್ರೇಣಿ ಏರಿತು, ಸ್ನಾತಕೋತ್ತರ ತರಗತಿ ಬಂತು. ಅರವತ್ತೊಂದು ಖಾಲಿ ಜಾಗಗಳಲ್ಲಿ ಈವರೆಗೆ ನಲವತ್ತೆಂಟು ತುಂಬಿವೆ. ಹದಿಮೂರು ಇನ್ನೂ ಖಾಲಿ.

ಮೊನ್ನೆ ಈ ಸಂಪುಟದ ಸಮಿತಿಯವರು ಅವರಿಗೊಂದು ಪತ್ರ ಕಳಿಸಿದರು: “ತಮ್ಮನ್ನು ಅಭಿನಂದಿಸಲಾಗುವುದು.” ಪತ್ರ ಎರಡೇ ದಿನದಲ್ಲಿ ಹಿಂದಿರುಗಿತು. ಅಂಚಿನಲ್ಲಿ ಅದೇ ಪೆನ್ಸಿಲು, ಅದೇ ಪದ.

ಉತ್ತರ ಕೊಡಲೇಬೇಕು, ಮೇಡಂ. ಮೋಟಾರು ಕೂರಿಸಿದ ಅಟೆಂಡರ್ ಅಭಿನಂದಿಸುತ್ತಿದ್ದಾರೆ. ಕಣ್ಣು ಮಂಜಾದರೂ ಸಹಿಯನ್ನು ತಾವೇ ಹಾಕಿದ್ದಾರೆ. ಹನ್ನೆರಡು ಶನಿವಾರದ ಮೇಷ್ಟ್ರು ಅಭಿನಂದಿಸುತ್ತಿದ್ದಾರೆ. ಚೀಟಿ ಕಿತ್ತುಕೊಂಡು ನಿಮ್ಮೆದುರು ನಿಂತಿದ್ದ ಆ ಹುಡುಗಿಯೂ ಅಭಿನಂದಿಸುತ್ತಿದ್ದಾಳೆ. ಈ ಲೇಖನ ಬರೆದವಳು ಅವಳೇ, ಈಗ ಇದೇ ಕಾಲೇಜಿನಲ್ಲಿ ಪಾಠ ಹೇಳುವ ನಾನೇ. ನೀವು ನೂರು ವರ್ಷ ಬಾಳಬೇಕು, ಕೈಯಲ್ಲಿ ಆ ಪೆನ್ಸಿಲು ಹಾಗೇ ಇರಬೇಕು. ಉಳಿದ ಹದಿಮೂರು ಜಾಗ ತುಂಬಿಸುವುದು ಯಾರು ಎಂದು ನೀವು ಕೇಳುವ ಮುಂಚೆಯೇ ಪುಸ್ತಕವನ್ನು ತರಿಸಿಕೊಂಡಿದ್ದೇನೆ.

ಯಾರು: ನಾನು. ಯಾವಾಗ: ಇಂದಿನಿಂದ. ಸಹಿ ಹಾಕಿದ್ದೇನೆ, ಮೇಡಂ, ನೋಡಿಕೊಳ್ಳಿ.